ಒಂದೇ ರೈಫಲ್, ಎಲ್ಲಾ ಬ್ಯಾಟಿಗೂ: ಕ್ಯಾಲಿಬರ್ ಆರಿಸೂದು ಹೆಂಗ? ಪೂರ್ತಿ ಮಾರ್ಗದರ್ಶಿ

ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೆ ಹುಡುಗರು ಈಗ ಅಮೆರಿಕಾ, ಕೆನಡಾದಾಗ ಭಾಳ ಮಂದಿ ಅದಾರ, ಅದ್ರಾಗ ಸಿಟಿ ಬಿಟ್ಟು ಕೊಲೊರಾಡೊ, ಟೆಕ್ಸಾಸ್, ಆಲ್ಬರ್ಟಾ ಅಂತ ದೊಡ್ಡ ಬಯಲು ಇರೂ ಕಡೆ ಹೋದವ್ರಿಗೆ ಆಫೀಸಿನ ದೋಸ್ತರು ಒಂದಿನಾ ಬ್ಯಾಟಿಗೆ ಕರಕೊಂಡು ಹೋಗ್ತಾರ, ಆಮ್ಯಾಲ ಶುರು ಆಗ್ತೈತಿ ನೋಡ್ರಿ ಫೋನ್. "ಕಾಕಾ, ಒಂದ ರೈಫಲ್ ತಗೋಬೇಕಂತ ಮಾಡೀನಿ, ಜಿಂಕಿಗೂ ಆಗ್ಬೇಕು, ಎಲ್ಕ್ ಅನ್ನೂ ದೊಡ್ಡ ಜಿಂಕಿಗೂ ಆಗ್ಬೇಕು, ಹಂದಿಗೂ ಆಗ್ಬೇಕು, ಯಾವ ಕ್ಯಾಲಿಬರ್ ತಗೊಳ್ಳಿ?" ನಾನು ಕೊಲೊರಾಡೊದಾಗ ಭಾಳ ವರ್ಷ ಇದ್ದು, ಅಲ್ಲೇ ಬ್ಯಾಟಿ ಕಲ್ತು, ಈಗ ಬೆಳಗಾವಿಗೆ ವಾಪಸ್ ಬಂದೀನಿ, ಅದಕ್ಕ ನನಗ ಕೇಳ್ತಾರ. ಫೋನಿನ್ಯಾಗ ಅರ್ಧಮರ್ಧ ಹೇಳೂದಕ್ಕಿಂತ ಒಮ್ಮೆ ಪೂರ್ತಿ ಬರದ ಬಿಡೂದು ಛಲೋ ಅನಿಸ್ತು. ಊರಾಗ ಬೆಳಿ ಕಾಯಾಕ ಲೈಸೆನ್ಸ್ ಇಟ್ಕೊಂಡ ರೈತರೂ ಇದೇ ಪ್ರಶ್ನೆ ಕೇಳ್ತಾರ, ಅವರ ಲೆಕ್ಕಾನೇ ಬ್ಯಾರೆ, ಅದನ್ನ ಕಡೀಕ ಬರದೀನಿ.

ಎಲ್ಲಾರೂ ಮಾಡೂದು ಏನಂದ್ರ ಮೊದಲ ಕ್ಯಾಲಿಬರ್ ಹೆಸರು ಹಿಡೀತಾರ, ಆಮ್ಯಾಲ ಅದಕ್ಕ ಕಾರಣ ಹುಡುಕ್ತಾರ. ಉಲ್ಟಾ ಬರ್ರಿ. ಕಾಯ್ದೆ ಏನು ಹೇಳ್ತೈತಿ, ಯಾವ ಪ್ರಾಣಿ, ಎಷ್ಟು ದೂರ, ನಿಮ್ಮ ಹೆಗಲು ಎಷ್ಟು ತಡೀತೈತಿ, ಊರಾಗ ಯಾವ ಕಾಡತೂಸು ಸಿಗ್ತಾವ, ಈ ಐದಕ್ಕೂ ಉತ್ತರ ಬಂತಂದ್ರ ಕ್ಯಾಲಿಬರ್ ತಾನ ಎರಡು ಮೂರಕ್ಕ ಬಂದು ನಿಲ್ತೈತಿ.

ಮೊದಲನೇ ಹೆಜ್ಜಿ: ಕಾಯ್ದೆ

ಇಲ್ಲಿಂದ ಹೋದವ್ರು ಇದನ್ನ ಓದಲಾರದೆ ಮುಂದ ಹೋಗಬ್ಯಾಡ್ರಿ. ಅಮೆರಿಕಾದಾಗ ಎಚ್-1ಬಿ, ಎಫ್-1 ಅಂಥಾ ವೀಸಾದ ಮ್ಯಾಲ ಇದ್ದವ್ರು ಬಂದೂಕು ಅಥವಾ ಕಾಡತೂಸು ಇಟ್ಕೊಳ್ಳೂದು ಅಲ್ಲಿನ ಕೇಂದ್ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕ ಕೆಲವ ವಿನಾಯಿತಿ ಅದಾವ, ನಮ್ಮಂಥಾವ್ರಿಗೆ ಹತ್ತೂದು ಒಂದು: ಅಲ್ಲಿನ ಯಾವ್ದರೆ ರಾಜ್ಯ ಕೊಟ್ಟ, ಚಾಲ್ತಿ ಇರೂ ಹಂಟಿಂಗ್ ಲೈಸೆನ್ಸ್ ಕೈಯಾಗ ಇರ್ಬೇಕು. ಲೈಸೆನ್ಸ್ ಅವಧಿ ಮುಗೀತು, ನೀವು ರಿನ್ಯೂ ಮಾಡಲಿಲ್ಲ, ರೈಫಲ್ ಮನ್ಯಾಗ ಕಪಾಟಿನ್ಯಾಗ ಸುಮ್ಮ ಕುಂತೈತಿ ಅಂದ್ರೂ ನೀವು ತಪ್ಪಿತಸ್ಥರು, ಇದ್ರ ಮ್ಯಾಲ ವೀಸಾನೂ ಹೋಗ್ತೈತಿ, ಗ್ರೀನ್ ಕಾರ್ಡಿನ ಆಸೇನೂ ಹೋಗ್ತೈತಿ. ಗ್ರೀನ್ ಕಾರ್ಡ್ ಬಂದವ್ರಿಗೆ ಈ ತೊಂದ್ರಿ ಇಲ್ಲ. ಖರೀದಿ ಮಾಡೂಮುಂದ ಅಂಗಡ್ಯಾಗ 4473 ಅಂತ ಒಂದು ಫಾರ್ಮ್ ತುಂಬಸ್ತಾರ, ಅದ್ರಾಗ ವೀಸಾ ಬಗ್ಗೆ ಕೇಳೂ ಪ್ರಶ್ನೆಗೆ ಖರೇ ಉತ್ತರ ಬರೀರಿ, ಡೌಟ್ ಇದ್ರ ಇಮಿಗ್ರೇಶನ್ ವಕೀಲರಿಗೆ ಒಂದು ಮಾತು ಕೇಳೇ ಹೋಗ್ರಿ. ಕೆನಡಾದಾಗ ಇದ್ರ ಮೊದಲ ಸೇಫ್ಟಿ ಕೋರ್ಸ್, ಆಮ್ಯಾಲ ಪಿಎಎಲ್ ಅನ್ನೂ ಬಂದೂಕಿನ ಲೈಸೆನ್ಸ್, ಅದಿಲ್ಲದ ರೈಫಲ್ ತಗೊಳ್ಳೂ ಹಂಗಿಲ್ಲ.

ಎರಡನೇದು, ಪ್ರತಿ ರಾಜ್ಯಕ್ಕೂ ಕ್ಯಾಲಿಬರ್ ಬಗ್ಗೇನ ರೂಲ್ ಇರ್ತೈತಿ. ಕೊಲೊರಾಡೊದಾಗ ದೊಡ್ಡ ಪ್ರಾಣಿಗೆ ರೈಫಲ್ ಕನಿಷ್ಠ .24 ಕ್ಯಾಲಿಬರ್ ಇರ್ಬೇಕು, ಗುಂಡು ಜಿಂಕಿಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85 ಗ್ರೇನ್, ಮತ್ತ 100 ಗಜದ ದೂರದಾಗ 1000 ಫುಟ್-ಪೌಂಡ್ ಶಕ್ತಿ ಉಳಿದಿರ್ಬೇಕು (ಗ್ರೇನ್ ಅಂದ್ರ ಗುಂಡಿನ ತೂಕ, ಫುಟ್-ಪೌಂಡ್ ಅಂದ್ರ ಅದ್ರ ಹೊಡೆತದ ಶಕ್ತಿ, ಎರಡರ ಲೆಕ್ಕಾನೂ ಮೂರನೇ ಹೆಜ್ಜಿಯಾಗ ಐತಿ). ಕ್ಯಾಲಿಫೋರ್ನಿಯಾದಾಗ 2019ರ ಜುಲೈದಿಂದ ಬ್ಯಾಟಿಗೆ ಸೀಸದ ಗುಂಡು ಪೂರ್ತಿ ಬಂದ್, ತಾಮ್ರದ್ದ ಬೇಕು. ಇನ್ನ ಕೆಲವ ರಾಜ್ಯದಾಗ ಜಿಂಕಿಗೆ ಮಾಮೂಲಿ ರೈಫಲ್ ಕಾಡತೂಸು ನಡೆಯೂದೇ ಇಲ್ಲ, ನೇರ ಗೋಡಿಯ ಕಾಡತೂಸು (ಕೇಸು ಮುಂದ ಸಪೂರ ಆಗಲಾರದೆ ಪೈಪಿನಂಗ ಇರೂದು) ಅಥವಾ ಶಾಟ್‌ಗನ್ ಅಷ್ಟ. ನೀವಿರೂ ರಾಜ್ಯದ ಈ ವರ್ಷದ ರೆಗ್ಯುಲೇಶನ್ ಬುಕ್ ಡೌನ್‌ಲೋಡ್ ಮಾಡ್ಕೊಂಡು ಓದ್ರಿ, ಹ್ವಾದ ವರ್ಷದ್ದು ಬ್ಯಾಡ. ಹಂಟರ್ ಎಜುಕೇಶನ್ ಕೋರ್ಸ್ ಅಂತೂ ನಿಮ್ಮ ವಯಸ್ಸಿನವ್ರಿಗೆ ಬಹುತೇಕ ಎಲ್ಲಾ ಕಡೆ ಕಡ್ಡಾಯ, ಖರೇ ಹೇಳ್ಬೇಕಂದ್ರ ಕಡ್ಡಾಯ ಇಲ್ಲದಿದ್ರೂ ಮಾಡ್ಬೇಕು.

ಎರಡನೇ ಹೆಜ್ಜಿ: ಪ್ರಾಣಿ ಮತ್ತ ದೂರ

ಒಂದು ಹಾಳ್ಯಾಗ ಬರೀರಿ, ಮುಂದಿನ ಐದು ವರ್ಷದಾಗ ಖರೇವಂದ್ರೂ ಯಾವ ಪ್ರಾಣಿ ಹಿಂದ ಹೋಗ್ತೀರಿ ಅಂತ. ಕನಸಿನ ಅಲಾಸ್ಕಾ ಕರಡಿ ಬರೀಬ್ಯಾಡ್ರಿ. ವೈಟ್‌ಟೇಲ್ ಜಿಂಕಿ 60ರಿಂದ 90 ಕೆಜಿ ಇರ್ತೈತಿ, ಚಿಗರಿಯಂಥಾ ಪ್ರಾಂಗ್‌ಹಾರ್ನ್ 50 ಕೆಜಿ ಸುತ್ತಮುತ್ತ, ಗಂಡು ಎಲ್ಕ್ 300 ಕೆಜಿ, ಜಿಂಕಿ ಜಾತ್ಯಾಗ ಎಲ್ಲಾಕ್ಕಿಂತ ದೊಡ್ಡದಾದ ಮೂಸ್ ಅದಕ್ಕಿಂತ ಜಾಸ್ತಿ. ಟೆಕ್ಸಾಸಿಗೆ ಹೋದವ್ರಿಗೆ ಒಂದು ಆಶ್ಚರ್ಯ ಕಾದಿರ್ತೈತಿ: ವಿಜಾಪುರದ ಎರಿ ಹೊಲದಾಗ ಓಡಾಡೂ ನಮ್ಮ ಚಿಗರಿ ಅಲ್ಲಿ ಖಾಸಗಿ ರಾಂಚುಗಳಾಗ ಸಾವಿರಗಟ್ಟಲೆ ಐತಿ, 1932ರಾಗ ಅಲ್ಲಿ ತಂದು ಬಿಟ್ಟಿದ್ದು. ನೀಲಗಾಯ್‌ನೂ 1930ರ ಆಸುಪಾಸು ದಕ್ಷಿಣ ಟೆಕ್ಸಾಸಿನ ಕಿಂಗ್ ರಾಂಚ್‌ದಾಗ ಬಿಟ್ಟಾರ. ಇಲ್ಲಿ ಚಿಗರಿ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನ, ಅಂದ್ರ ಅಗದಿ ಗಟ್ಟಿ ರಕ್ಷಣಾ ಇರೂ ಪ್ರಾಣಿ, ಅಲ್ಲಿ ಹೊರಗಿಂದ ಬಂದ ಪ್ರಾಣಿ ಅಂತ ಬ್ಯಾಟಿಗೆ ಪರವಾನಗಿ ಐತಿ. ಚಿಗರಿ 35-40 ಕೆಜಿ, ಅದಕ್ಕ ಸಣ್ಣ ಗುಂಡು ಸಾಕು. ಆದ್ರ ನೀಲಗಾಯ್ 200 ಕೆಜಿ ದಾಟ್ತೈತಿ, ಭಾಳ ಗಟ್ಟಿ ಪ್ರಾಣಿ, ತಪ್ಪು ಜಾಗಕ್ಕ ಬಿತ್ತಂದ್ರ ಗುಂಡು ತಿಂದೂ ಮೈಲಿಗಟ್ಟಲೆ ಓಡ್ತೈತಿ, ಅಲ್ಲಿನ ಗೈಡ್‌ಗಳು .300 ಮ್ಯಾಗ್ನಮ್ (ಮದ್ದು ಜಾಸ್ತಿ ಹಿಡಿಯೂ ಜೋರಿನ ಕಾಡತೂಸು) ತರ್ರಿ ಅನ್ನೂದಕ್ಕ ಕಾರಣ ಇದ.

ಈಗ ದೂರ. ಇದು ಪ್ರಾಣಿಗಿಂತ ದೊಡ್ಡ ವಿಷಯ. ಯೂಟ್ಯೂಬ್ ನೋಡಿ 600 ಗಜ, 800 ಗಜ ಅಂತ ಮಾತಾಡ್ತಾರ. ನಿಮ್ಮ ದೂರ ಎಷ್ಟು ಅನ್ನೂದನ್ನ ಕಂಪನಿ ಹೇಳೂದಿಲ್ಲ, ಊಟದ ಪೇಪರ್ ಪ್ಲೇಟ್ ಹೇಳ್ತೈತಿ. ಜಿಂಕಿಯ ಹೃದಯ, ಪುಪ್ಪುಸ ಇರೂ ಜಾಗ ಅಂದಾಜು 8 ಇಂಚು ಅಗಲ, ಅಷ್ಟ ಅಗಲದ ಪ್ಲೇಟ್ ನೆಟ್ಟು, ಮೇಜಿನ ಮ್ಯಾಲ ರೈಫಲ್ ಇಡಲಾರದೆ, ಕುಂತು ಅಥವಾ ಮೊಣಕಾಲೂರಿ, ಸ್ವಲ್ಪ ಓಡಿ ಬಂದು ಎದುಸಿರು ಬಿಡಕೋಂತ ಐದು ಗುಂಡು ಹೊಡೀರಿ. ಐದಕ್ಕ ಐದೂ ಪ್ಲೇಟಿನ್ಯಾಗ ಬೀಳೂ ಅತಿ ದೊಡ್ಡ ದೂರಾನ ನಿಮ್ಮ ದೂರ. ಹೊಸಬರಿಗೆ ಇದು 150 ಗಜ ಬಂದ್ರ ಛಲೋ, 200 ಬಂದ್ರ ಭಾಳ ಛಲೋ. ನಾಲ್ಕು ಬಿದ್ದು ಒಂದು ಹೊರಗ ಹೋತಂದ್ರ, ಆ ಒಂದು ಗುಂಡು ಜಿಂಕಿ ಹೊಟ್ಟಿಗೋ ಕಾಲಿಗೋ ಬೀಳೂ ಗುಂಡು, ಆ ಪ್ರಾಣಿ ಎರಡು ದಿನಾ ನರಳಿ ಸಾಯ್ತೈತಿ. ಬ್ಯಾಟಿ ಮಾಡೂದಿದ್ರ ಈ ಒಂದು ಜವಾಬ್ದಾರಿ ತಲ್ಯಾಗ ಇಟ್ಕೊಂಡೇ ಮಾಡ್ರಿ, ಉಳದಿದ್ದೆಲ್ಲಾ ಇದ್ರ ಕೆಳಗ ಬರ್ತೈತಿ.

ಮೂರನೇ ಹೆಜ್ಜಿ: ಡಬ್ಬಿ ಮ್ಯಾಲಿನ ನಂಬರ್ ಓದಾಕ ಕಲೀರಿ

ಕ್ಯಾಲಿಬರ್ ಅಂದ್ರ ಮೂಲದಾಗ ನಳಿಗಿಯ ಅಗಲ, ಇಂಚಿನ ಲೆಕ್ಕದಾಗ. .308 ಅಂದ್ರ ಗುಂಡಿನ ಅಗಲ 0.308 ಇಂಚು, ಅಂದ್ರ 7.8 ಮಿಲಿಮೀಟರ್. ಆದ್ರ ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. .270 ವಿಂಚೆಸ್ಟರ್ ಗುಂಡು ಅಳತಿ ಮಾಡಿದ್ರ .277 ಬರ್ತೈತಿ, .30-06ರಾಗ 06 ಅಂದ್ರ 1906ನೇ ಇಸವಿ, .30-30ರಾಗ ಎರಡನೇ 30 ಅಂದ್ರ ಆಗ ಹಾಕ್ತಿದ್ದ ಮದ್ದಿನ ತೂಕ. ಮತ್ತ .308, .30-06, .300 ವಿನ್ ಮ್ಯಾಗ್ ಮೂರಕ್ಕೂ ಗುಂಡು ಒಂದೇ ಅಗಲ, ಹಿಂದಿನ ಹಿತ್ತಾಳಿ ಕೇಸು ಮತ್ತ ಅದ್ರಾಗ ಹಿಡಿಯೂ ಮದ್ದು ಅಷ್ಟ ಬ್ಯಾರೆ. .308 ಮತ್ತ .30-06 ಎರಡನ್ನೂ ಅಂಗೈ ಮ್ಯಾಲ ಬಾಜೂಕ ಬಾಜೂ ಇಟ್ಟು ನೋಡ್ರಿ, ಬುಡ ಒಂದೇ ದಪ್ಪ, ಮುಂದಿನ ಗುಂಡು ಒಂದೇ, ನಡುವಿನ ಹಿತ್ತಾಳಿ ಮಾತ್ರ ಒಂದಕ್ಕ 51 ಮಿಮೀ, ಇನ್ನೊಂದಕ್ಕ 63 ಮಿಮೀ. ಆ ಅರ್ಧ ಇಂಚಿನ ಸಲುವಾಗಿ ರೈಫಲ್‌ನ ಆ್ಯಕ್ಷನ್, ಅಂದ್ರ ಕಾಡತೂಸು ಒಳಗ ತಳ್ಳೂ ಭಾಗ, ಉದ್ದ ಆಗ್ತೈತಿ, ತೂಕ ಸ್ವಲ್ಪ ಜಾಸ್ತಿ ಆಗ್ತೈತಿ, ಹೆಗಲಿಗೆ ಬೀಳೂ ಒದೆತಾನೂ ಸ್ವಲ್ಪ ಜಾಸ್ತಿ.

ಆಮ್ಯಾಲ ಗ್ರೇನ್. ಇದು ಗುಂಡಿನ ತೂಕ, ಮದ್ದಿಂದಲ್ಲ. ನಮ್ಮ ಮಂದಿಗೆ ಗ್ರೇನ್ ಅಂದ್ರ ತಲಿಗೆ ಹತ್ತೂದಿಲ್ಲ, ಆದ್ರ ತೊಲಿ ಗೊತ್ತೈತಲ್ರಿ, ಹಳೇ ಲೆಕ್ಕದ ಒಂದು ತೊಲಿ ಬಂಗಾರ ಅಂದ್ರ 11.66 ಗ್ರಾಮ್, ಅದು ಕರೆಕ್ಟ್ 180 ಗ್ರೇನ್. ಅಂದ್ರ .30-06ರಾಗ ಎಲ್ಕ್‌ಗೆ ಹೊಡಿಯೂ 180 ಗ್ರೇನಿನ ಗುಂಡು ಒಂದು ತೊಲಿ ತೂಗ್ತೈತಿ. 6.5 ಕ್ರೀಡ್‌ಮೂರ್‌ನ 140 ಗ್ರೇನ್ ಅಂದ್ರ ಮುಕ್ಕಾಲು ತೊಲಿಗಿಂತ ಒಂಚೂರು ಜಾಸ್ತಿ. ಹಿಂಗ ಹಿಡಕೊಂಡ್ರ ಡಬ್ಬಿ ಓದೂದು ಸಲೀಸು.

ಮೂರನೇದು ವೇಗ, ಸೆಕೆಂಡಿಗೆ ಎಷ್ಟು ಫುಟ್ ಅಂತ. ಶಕ್ತಿ ಲೆಕ್ಕಾ ಹಾಕೂದು ಹಿಂಗ: ಗುಂಡಿನ ಗ್ರೇನ್ ಗುಣಿಸು ವೇಗ ಗುಣಿಸು ಮತ್ತ ವೇಗ, ಬಂದಿದ್ದನ್ನ 4,50,240ರಿಂದ ಭಾಗಿಸ್ರಿ, ಉತ್ತರ ಫುಟ್-ಪೌಂಡ್‌ನ್ಯಾಗ ಬರ್ತೈತಿ. 150 ಗ್ರೇನಿನ .308 ಗುಂಡು 2820 ಫುಟ್ ವೇಗಕ್ಕ ಹೊಂಟ್ರ 2650 ಫುಟ್-ಪೌಂಡ್ ಸುಮಾರು. ಜಿಂಕಿ ಇದ್ದ ಜಾಗದಾಗ 1000, ಎಲ್ಕ್ ಇದ್ದ ಜಾಗದಾಗ 1500 ಉಳೀಬೇಕು ಅಂತ ಹಳಬರ ಒಂದು ಲೆಕ್ಕ ಐತಿ. ಇದು ದಾರಿ ತೋರಿಸೂ ಅಂದಾಜು ಅಷ್ಟ, ಕಾನೂನಲ್ಲ. ಈ ಲೆಕ್ಕದಾಗ ವೇಗ ಎರಡು ಸಲ ಗುಣಿಸ್ತೈತಿ, ಅದಕ್ಕ ಹಗರ ಗುಂಡನ್ನ ಜೋರು ಓಡಿಸಿ ಡಬ್ಬಿ ಮ್ಯಾಲ ದೊಡ್ಡ ನಂಬರ್ ಬರೀತಾರ, ಆದ್ರ ಹಗರ ಗುಂಡು ಎಲಬಿಗೆ ಬಡದಾಗ ಒಳಗ ಹೋಗೂದು ಕಡಿಮಿ. ಅದಕ್ಕ ಸೆಕ್ಷನಲ್ ಡೆನ್ಸಿಟಿ ಅಂತ ಇನ್ನೊಂದು ನಂಬರ್ ನೋಡ್ರಿ, ಅಗಲಕ್ಕ ತಕ್ಕಂಗ ಗುಂಡು ಎಷ್ಟು ಭಾರ ಅನ್ನೂದು. 150 ಗ್ರೇನಿನ .308 ಗುಂಡಿಗೆ ಅದು .226, 143 ಗ್ರೇನಿನ 6.5 ಗುಂಡಿಗೆ .293. ಸಣ್ಣ 6.5 ಅಷ್ಟ್ಯಾಕ ಒಳಗ ಹೋಗ್ತೈತಿ ಅಂತ ಕೇಳಿದ್ರ ಉತ್ತರ ಇಲ್ಲೇ ಐತಿ, ಗುಂಡು ಸಪೂರ, ಉದ್ದ, ತೂಕ ಪೂರಾ ಹಿಂದ ನಿಂತು ದಬ್ಬತೈತಿ.

ನಾಲ್ಕನೇ ಹೆಜ್ಜಿ: ನಿಮ್ಮ ಹೆಗಲು

ಗಂಡಸರು ಇಲ್ಲೇ ಎಡವ್ತಾರ. ಒದೆತ ತಡಕೊಳ್ಳೂದು ಗಂಡಸ್ತನ ಅಂತ ತಿಳಕೊಂಡು .300 ಮ್ಯಾಗ್ನಮ್ ತಗೋತಾರ, ಆಮ್ಯಾಲ ಟ್ರಿಗರ್ ಒತ್ತೂಮುಂದ ಕಣ್ಣು ಮುಚ್ಚತಾರ. ಮೂರೂವರಿ ಕೆಜಿ ಸುಮಾರಿನ ರೈಫಲ್‌ನ್ಯಾಗ .243 ಹೊಡೆದ್ರ ಒದೆತ 9-10 ಫುಟ್-ಪೌಂಡ್, 6.5 ಕ್ರೀಡ್‌ಮೂರ್ 12-13, .308 ಸುಮಾರು 17-18, .30-06 ಸುಮಾರು 20, .300 ವಿನ್ ಮ್ಯಾಗ್ 26ರ ಮ್ಯಾಲ. ಬಹಳಷ್ಟು ಮಂದಿಗೆ 20 ದಾಟಿತಂದ್ರ ಹೆದರಿಕಿ ಶುರು ಆಗ್ತೈತಿ, ಅದು ಶರೀರದ ಗುಣ, ನಾಚಿಕಿ ಪಡೂ ವಿಷಯ ಅಲ್ಲ.

ನಿಮಗ ಹೆದರಿಕಿ ಐತೋ ಇಲ್ಲೋ ಅಂತ ನಿಮಗೇ ಗೊತ್ತಾಗೂದಿಲ್ಲ, ಯಾಕಂದ್ರ ಬಂದೂಕು ಹಾರಿದ ಕೂಡ್ಲೇ ಒದೆತದಾಗ ಎಲ್ಲಾ ಮುಚ್ಚಿ ಹೋಗ್ತೈತಿ. ಅದಕ್ಕ ಒಂದು ಉಪಾಯ. ರೇಂಜಿನ್ಯಾಗ ದೋಸ್ತಗ ರೈಫಲ್ ಕೊಡ್ರಿ, ಅವ ನಿಮಗ ಕಾಣದಂಗ ಒಮ್ಮೆ ಖರೇ ಕಾಡತೂಸು, ಒಮ್ಮೆ ಮದ್ದಿಲ್ಲದ ಡಮ್ಮಿ ಕಾಡತೂಸು ಹಾಕಿ ಕೊಡಲಿ, ಯಾವಾಗ ಯಾವ್ದು ಅಂತ ನಿಮಗ ಗೊತ್ತಿರಬಾರ್ದು, ರೈಫಲ್ ಬಾಯಿ ಮಾತ್ರ ಯಾವಾಗ್ಲೂ ಟಾರ್ಗೆಟ್ ಕಡೇನ ಇರ್ಲಿ. ಡಮ್ಮಿ ಬಂದಾಗ ಬರೇ ಟಕ್ ಅಂತೈತಿ, ಆಗ ಸ್ಕೋಪಿನ ಕ್ರಾಸ್ ಗೆರಿ ಟಾರ್ಗೆಟ್ ಮ್ಯಾಲ ನೆಟ್ಟಂಗ ನಿಂತ್ರ ನೀವು ಗೆದ್ರಿ, ಅದು ಕೆಳಗ ಜಗ್ಗಿತಂದ್ರ, ಹೆಗಲು ಮುಂದ ಬಂತಂದ್ರ, ಕಣ್ಣು ಪಿಳಿ ಅಂತಂದ್ರ ಆ ಕ್ಯಾಲಿಬರ್ ನಿಮಗ ಸದ್ಯಕ್ಕ ಜಾಸ್ತಿ. ಖರೀದಿ ಮಾಡೂಕಿಂತ ಮೊದ್ಲ ಬಾಡಿಗಿ ರೈಫಲ್ ಸಿಗೂ ರೇಂಜಿಗೆ ಹೋಗಿ .308ರ ಮ್ಯಾಲ ಈ ಪರೀಕ್ಷಾ ಮಾಡ್ಕೊಳ್ರಿ. ಕಿವಿಗೆ ಮಫ್ ಹಾಕೂದು ಮರೀಬ್ಯಾಡ್ರಿ, ಅರ್ಧ ಹೆದರಿಕಿ ಸಪ್ಪಳದಿಂದನ ಬರೂದು. ಸ್ಟಾಕ್ ಹಿಂದ ಛಲೋ ರಬ್ಬರ್ ಪ್ಯಾಡ್ ಇದ್ರ, ಮತ್ತ ಸ್ಟಾಕಿನ ಉದ್ದ ನಿಮ್ಮ ತೋಳಿಗೆ ಕೂಡ್ರೂ ಹಂಗಿದ್ರ ಭಾಳ ಫರಕ್ ಬೀಳ್ತೈತಿ, ಅಮೆರಿಕನ್ ಸ್ಟಾಕ್ ನಮ್ಮ ಸಣ್ಣ ಮೈಕಟ್ಟಿನ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಬಹಳ ಸಲ ಉದ್ದ ಆಗ್ತೈತಿ.

ಐದನೇ ಹೆಜ್ಜಿ: ಈಗ ಹೆಸರಿಗೆ ಬರೋಣು

.243 ವಿಂಚೆಸ್ಟರ್: 100 ಗ್ರೇನ್, 2960 ಫುಟ್. ಜಿಂಕಿ, ಪ್ರಾಂಗ್‌ಹಾರ್ನ್, ಚಿಗರಿಗೆ ಛಲೋ, ಒದೆತ ಕಡಿಮಿ. ಎಲ್ಕ್‌ಗೆ ಕಾಯ್ದೆ ಒಪ್ಪಿದ್ರೂ ನಾನು ಒಪ್ಪೂದಿಲ್ಲ. ಒಂದೇ ರೈಫಲ್ ಅನ್ನೂವ್ರಿಗೆ ಇದಲ್ಲ.

6.5 ಕ್ರೀಡ್‌ಮೂರ್, 2007ರಾಗ ಹೊರ್ನಡಿ ಕಂಪನಿ ಟಾರ್ಗೆಟ್ ಹೊಡಿಯೂವ್ರ ಸಲುವಾಗಿ ತಂದಿದ್ದು, ಈಗ ಎಲ್ಲಾ ಕಡೆ ಹಬ್ಬೈತಿ. 143 ಗ್ರೇನ್ 2700 ಫುಟ್‌ಗೆ, ಶಕ್ತಿ 2300, ಗಾಳಿ ಕೊಯ್ಯೂ ಗುಣ ಛಲೋ ಇರೂದ್ರಿಂದ 300 ಗಜದಾಗೂ 1600 ಸುಮಾರು ಉಳೀತೈತಿ. ಸಣ್ಣ ಮೈಕಟ್ಟಿನವ್ರಿಗೆ, ಡಮ್ಮಿ ಪರೀಕ್ಷಾದಾಗ .308 ಜಾಸ್ತಿ ಆದವ್ರಿಗೆ ನಾನು ಕಣ್ಣು ಮುಚ್ಚಿ ಇದನ್ನ ಹೇಳ್ತೀನಿ. ಗಟ್ಟಿ ಗುಂಡು ಹಾಕಿ, ದೂರ ಕಡಿಮಿ ಇಟ್ರ ಎಲ್ಕ್‌ಗೂ ನಡೀತೈತಿ.

.270 ವಿಂಚೆಸ್ಟರ್ 1925ರದ್ದು, ನೂರು ವರ್ಷ ಆತು, ಇನ್ನೂ ಯಾರಿಗೂ ಕಡಿಮಿ ಇಲ್ಲ. 130 ಗ್ರೇನ್ 3060 ಫುಟ್, ದಾರಿ ಅಗದಿ ನೆಟ್ಟಗ, ಬಯಲು ನಾಡಿನ್ಯಾಗ ಇದ್ರಷ್ಟು ಛಲೋ ಜಿಂಕಿ ಕ್ಯಾಲಿಬರ್ ಸಿಗೂದು ಕಠಿಣ. 7ಎಂಎಂ-08 ನನಗ ಭಾಳ ಸೇರೂ ಕಾಡತೂಸು, .308ರ ಕೇಸನ್ನ ಸಪೂರ ಮಾಡಿ 140 ಗ್ರೇನ್ ಗುಂಡು ಹಾಕ್ಯಾರ, ಒದೆತ ಹದ, ಕೆಲಸ ಪೂರಾ, ಆದ್ರ ಸಣ್ಣ ಊರಿನ ಅಂಗಡ್ಯಾಗ ಡಬ್ಬಿ ಕೇಳಿದ್ರ ಒಮ್ಮೊಮ್ಮೆ ಸಿಗೂದಿಲ್ಲ, ಅದೊಂದ ಅದ್ರ ಕೊರತಿ.

.308 ವಿಂಚೆಸ್ಟರ್, 1952. ಒಂದೇ ರೈಫಲ್ ಇರ್ಲಿ ಅನ್ನೂವ್ರಿಗೆ ನನ್ನ ಉತ್ತರ ಇದ. 165 ಗ್ರೇನ್ 2700 ಫುಟ್‌ಗೆ, 2670 ಶಕ್ತಿ, 300 ಗಜದಾಗ 1500 ಮ್ಯಾಲೇ ಉಳೀತೈತಿ. ಆ್ಯಕ್ಷನ್ ಸಣ್ಣದು, ರೈಫಲ್ ಹಗರ, ಯಾವ ಪೆಟ್ರೋಲ್ ಪಂಪ್ ಬಾಜೂಕಿನ ಅಂಗಡ್ಯಾಗೂ ಡಬ್ಬಿ ಸಿಗ್ತೈತಿ, ಪ್ರ್ಯಾಕ್ಟೀಸಿಗೆ ಸೋವಿ ಕಾಡತೂಸು ಸಿಗ್ತಾವ, 130ರಿಂದ 180 ಗ್ರೇನ್ ತನಕ ಎಲ್ಲಾ ತರದ ಗುಂಡು ಅದಾವ. .30-06 ಇದಕ್ಕಿಂತ ಜೋರೈತಿ ಅಂತಾರ, ಹೌದು, ಅದೇ ತೂಕದ ಗುಂಡನ್ನ ಸೆಕೆಂಡಿಗೆ ನೂರು ಫುಟ್ ಆಸುಪಾಸು ಜಾಸ್ತಿ ಓಡಿಸ್ತೈತಿ. ಆ ನೂರು ಫುಟ್ 200 ಗಜದ ಒಳಗ ಹೊಡಿಯೂ ಮನುಷ್ಯಾಗ ಯಾವ ಫರಕೂ ಮಾಡೂದಿಲ್ಲ. ಪ್ರತಿ ವರ್ಷ ಎಲ್ಕ್, ಮೂಸ್ ಅಂತ ಹೋಗೂವ್ರು, 180 ಗ್ರೇನ್ ಅಥವಾ ಅದಕ್ಕಿಂತ ಭಾರದ ಗುಂಡು ಬೇಕನ್ನೂವ್ರು .30-06 ತಗೊಳ್ರಿ, 2700 ಫುಟ್‌ಗೆ 2900 ಶಕ್ತಿ, ಉತ್ತರ ಅಮೆರಿಕಾದ ಬಹುತೇಕ ಎಲ್ಲಾ ಪ್ರಾಣಿಗೂ ಅಷ್ಟ ಸಾಕು.

7ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ 1962, .300 ವಿಂಚೆಸ್ಟರ್ ಮ್ಯಾಗ್ನಮ್ 1963, ಎರಡೂ ದೊಡ್ಡ ಬಯಲಿನ್ಯಾಗ ದೂರ ಹೊಡಿಯಾಕ ಬಂದವರ ಹತ್ಯಾರ. ವರ್ಷಕ್ಕ ನೂರಾರು ಕಾಡತೂಸು ಸುಡೂವ್ರಿಗೆ ಬಿಡ್ರಿ. ಕಾಡತೂಸು ತುಟ್ಟಿ, ತುಟ್ಟಿ ಆದ್ರ ಪ್ರ್ಯಾಕ್ಟೀಸ್ ಕಡಿಮಿ ಆಗ್ತೈತಿ, ಪ್ರ್ಯಾಕ್ಟೀಸ್ ಕಡಿಮಿ ಆದ್ರ ದೂರ ಹೊಡಿಯೂ ಕ್ಯಾಲಿಬರ್ ಇದ್ದೂ ಉಪಯೋಗ ಇಲ್ಲ. ಆಫ್ರಿಕಾಕ್ಕ ಹೋಗೂ ಮಾತಿದ್ರ ಅದು ಪೂರಾ ಬ್ಯಾರೆ, ಅಪಾಯದ ಪ್ರಾಣಿಗೆ ಬಹಳ ದೇಶದಾಗ 1912ರ .375 ಎಚ್ ಆ್ಯಂಡ್ ಎಚ್ ಕನಿಷ್ಠ ಅಂತ ಕಾಯ್ದೇನ ಐತಿ.

ಆರನೇ ಹೆಜ್ಜಿ: ಕ್ಯಾಲಿಬರ್‌ಗಿಂತ ಗುಂಡು ದೊಡ್ಡದು

1946ರಾಗ ಜಾನ್ ನಾಸ್ಲರ್ ಅನ್ನೂವ್ರು ಕೆನಡಾದಾಗ ಒಂದು ದೊಡ್ಡ ಮೂಸ್‌ಗೆ .300 ಮ್ಯಾಗ್ನಮ್‌ಲೇ ಹೊಡೆದ್ರು, ಮೈಗೆಲ್ಲಾ ಕೆಸರು ಒಣಗಿ ಗಟ್ಟಿ ಆಗಿತ್ತು, ಗುಂಡು ಚರ್ಮದ ಹತ್ರಾನ ಒಡದು ಚೂರಾತು, ಒಳಗ ಹೋಗಲಿಲ್ಲ. ಮನಿಗೆ ಬಂದು ಅವ್ರು ನಡುವ ತಾಮ್ರದ ಗೋಡಿ ಇರೂ ಗುಂಡು ಮಾಡಿದ್ರು, ಮುಂದಿನ ಅರ್ಧ ಅರಳತೈತಿ, ಹಿಂದಿನ ಅರ್ಧ ಒಡೀಲಾರದೆ ಒಳಗ ಹೋಗ್ತೈತಿ. 1948ರಿಂದ ಮಾರಾಟಕ್ಕ ಬಂದ ಆ ಪಾರ್ಟಿಶನ್ ಗುಂಡು ಇವತ್ತಿಗೂ ಸಿಗ್ತೈತಿ. ಕ್ಯಾಲಿಬರ್ ದೊಡ್ಡದಿದ್ದೂ ಗುಂಡು ಸರಿ ಇಲ್ಲಂದ್ರ ಏನಾಗ್ತೈತಿ ಅನ್ನೂದಕ್ಕ ಇದಕ್ಕಿಂತ ಬ್ಯಾರೆ ಪುರಾವೆ ಬ್ಯಾಡ.

ಜಿಂಕಿಗೆ ಮಾಮೂಲಿ ಸಾಫ್ಟ್ ಪಾಯಿಂಟ್ (ತುದಿಗೆ ಮೆತ್ತನ ಸೀಸ ಇರೂ ಗುಂಡು) ಸಾಕು, ಸೋವಿನೂ ಐತಿ. ಎಲ್ಕ್, ನೀಲಗಾಯ್, ದೊಡ್ಡ ಹಂದಿಗೆ ಬಾಂಡೆಡ್ (ಒಳಗಿನ ಸೀಸಾನ ಮ್ಯಾಲಿನ ತಾಮ್ರಕ್ಕ ಬೆಸದಿದ್ದು) ಅಥವಾ ಪೂರ್ತಿ ತಾಮ್ರದ ಗುಂಡು ಹಾಕ್ರಿ. ತಾಮ್ರದ್ದು ಹಾಕಿದ್ರ ಒಂದು ಮೆಟ್ಟಲ ಹಗರ ಗುಂಡು ತಗೊಂಡ್ರೂ ನಡೀತೈತಿ, .308ರಾಗ 165ರ ಬದ್ಲಿ 150, ಯಾಕಂದ್ರ ಅದು ತೂಕ ಕಳಕೊಳ್ಳೂದು ಭಾಳ ಕಡಿಮಿ. ಮಿಲಿಟರಿ ತರದ ಎಫ್‌ಎಂಜೆ (ಫುಲ್ ಮೆಟಲ್ ಜಾಕೆಟ್, ತುದಿ ತನಕ ಲೋಹ ಮುಚ್ಚಿದ್ದು) ಗುಂಡು ಬ್ಯಾಟಿಗೆ ಬ್ಯಾಡ. ಅರಳೂದಿಲ್ಲ, ಸೂಜಿಗತೆ ಪಾರಾಗಿ ಹೋಗ್ತೈತಿ, ಪ್ರಾಣಿ ಗಾಯ ಆಗಿ ತಪ್ಪಸ್ಕೊಂತೈತಿ, ಬಹಳ ರಾಜ್ಯದಾಗ ಕಾಯ್ದೇನೂ ಬಿಡೂದಿಲ್ಲ.

ಏಳನೇ ಹೆಜ್ಜಿ: ರೈಫಲ್ ಬಂದಮ್ಯಾಲ

ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಲೆ ಹಿಡಿ ಜಗ್ಗಿ ಕಾಡತೂಸು ಏರಸೂದು), 22 ಇಂಚು ಆಸುಪಾಸು ಬ್ಯಾರಲ್, 3ರಿಂದ 9 ಪಟ್ಟು ದೊಡ್ಡದು ಮಾಡಿ ತೋರಿಸೂ ಸ್ಕೋಪ್. ಇದ್ರ ಮ್ಯಾಲ ತಲಿ ಕೆಡಿಸ್ಕೊಳ್ಳೂದು ಬ್ಯಾಡ, ರೊಕ್ಕಾ ಉಳಿಸಿ ಕಾಡತೂಸಿಗೆ ಹಾಕ್ರಿ. ಮೂರು ಬ್ಯಾರೆ ಬ್ಯಾರೆ ಡಬ್ಬಿ ತಂದು ಹೊಡದ ನೋಡ್ರಿ, ಒಂದೇ ರೈಫಲ್ ಒಂದು ಕಂಪನಿ ಗುಂಡನ್ನ ಒಂದಕ್ಕೊಂದು ಹತ್ತಿದಂಗ ಹಾಕ್ತೈತಿ, ಇನ್ನೊಂದನ್ನ ಚದುರಸ್ತೈತಿ, ಕಾರಣ ಹುಡುಕ್ಕೋಂತ ಕೂಡ್ರಬ್ಯಾಡ್ರಿ, ಒಪ್ಪಿದ್ದನ್ನ ನಾಲ್ಕು ಡಬ್ಬಿ ತಗೊಂಡಿಡ್ರಿ. .308ರ 165 ಗ್ರೇನಿಗೆ 100 ಗಜದಾಗ ಎರಡು ಇಂಚು ಮ್ಯಾಲ ಬೀಳೂಹಂಗ ಸೆಟ್ ಮಾಡಿದ್ರ 200 ಗಜದಾಗ ಕರೆಕ್ಟ್ ನಡುವ ಬರ್ತೈತಿ, 250ರಾಗ ನಾಲ್ಕು ಇಂಚು ಸುಮಾರು ಕೆಳಗ. ಅಂದ್ರ 200 ಗಜದ ತನಕ ಏನೂ ಲೆಕ್ಕಾ ಮಾಡಲಾರದೆ ನೇರ ಹಿಡದು ಹೊಡೀಬಹುದು. 300ಕ್ಕ ಅದು ಎಂಟು ಒಂಬತ್ತು ಇಂಚು ಕೆಳಗ ಬೀಳ್ತೈತಿ, ಅಲ್ಲಿಗೆ ಪ್ಲೇಟ್ ಪರೀಕ್ಷಾ ಪಾಸಾಗಲಾರದೆ ಹೋಗಬ್ಯಾಡ್ರಿ.

ಊರಾಗ ಇರೂವ್ರಿಗೆ: ಇಲ್ಲಿ ಲೆಕ್ಕಾನೇ ಬ್ಯಾರೆ

ಭಾರತದಾಗ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬ್ಯಾಟಿ ಬಂದ್. ಚಿಗರಿ, ಯಡಹಳ್ಳಿ ಕಡೆ ಇರೂ ಚಿಂಕಾರಾ ಅನ್ನೂ ಸಣ್ಣ ಜಿಂಕಿ ಇವೆಲ್ಲಾ ಒಂದನೇ ಶೆಡ್ಯೂಲ್, ಹೊಡದ್ರ ಕನಿಷ್ಠ ಮೂರು ವರ್ಷ, ಏಳು ವರ್ಷದ ತನಕ ಜೈಲು. ಕಬ್ಬು, ಗೋವಿನಜೋಳ, ಶೇಂಗಾ ಹಾಳ ಮಾಡೂ ಕಾಡಹಂದಿನೂ 2022ರ ತಿದ್ದುಪಡಿ ಆದಮ್ಯಾಲ ಎರಡನೇ ಶೆಡ್ಯೂಲಿನ್ಯಾಗ ಐತಿ. ಖಾನಾಪುರ ಕಡೆ ರೈತರ ಸಂಕಟ ನನಗ ಗೊತ್ತೈತಿ, ಒಂದು ರಾತ್ರಿಗೆ ವರ್ಷದ ಬೆಳಿ ಹೋಗ್ತೈತಿ. ಆದ್ರ ಬೆಳಿ ರಕ್ಷಣಾ ಲೈಸೆನ್ಸ್ ಅಂದ್ರ ಬಂದೂಕು ಇಟ್ಕೊಳ್ಳಾಕ ಪರವಾನಗಿ, ಪ್ರಾಣಿ ಕೊಲ್ಲಾಕ ಅಲ್ಲ. ಅದಕ್ಕ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇರೇನ ಬೇಕು. ಅದಿಲ್ಲಂದ್ರ ಸಪ್ಪಳ ಮಾಡಿ ಓಡಸೂದು ಅಷ್ಟ, ಅದಕ್ಕೂ ಸೋಲಾರ್ ಬೇಲಿ ಹಾಕಿ, ಬೆಳಿ ಹಾನಿಗೆ ಇಲಾಖೆಯ ಪರಿಹಾರಕ್ಕ ಅರ್ಜಿ ಕೊಡೂದು ಮೊದಲ ಮಾಡ್ರಿ.

ಕ್ಯಾಲಿಬರ್ ವಿಷಯಕ್ಕ ಬಂದ್ರ ಇಲ್ಲಿ ಆಯ್ಕಿ ಕಡಿಮಿ. .303, 7.62 ಅಂಥಾ ಮಿಲಿಟರಿ ಬೋರ್ ನಿಷೇಧ. 1857ರಾಗ ಮುಧೋಳ ತಾಲೂಕಿನ ಹಲಗಲಿ ಬೇಡರು ಹತ್ಯಾರ ಒಪ್ಪಸೂದಿಲ್ಲ ಅಂತ ಬ್ರಿಟಿಷರ ಎದುರು ನಿಂತ್ರಲ್ಲ, ಆ ಕಾಲದ ಹೆದರಿಕಿ ಅವ್ರಿಗೆ ಮುಂದ ಹೋಗಲೇ ಇಲ್ಲ, ಪಲ್ಟನ್ನಿನ ಗುಂಡು ಮಂದಿ ಕೈಗೆ ಸಿಗಬಾರ್ದು ಅಂತ ಬ್ಯಾರೆ ಬೋರಿಗೆ ಅಷ್ಟ ಪರವಾನಗಿ ಕೊಟ್ರು, ಬಂಗಾಳದ ಈಶಾಪುರ ಬಂದೂಕು ಫ್ಯಾಕ್ಟರಿಯ .315 ರೈಫಲ್ ಅದೇ ದಾರೀಲೆ ಬಂದಿದ್ದು. ಇವತ್ತು ಲೈಸೆನ್ಸಿಗೆ ಸಿಗೂವು ಅಂದ್ರ 12 ಬೋರ್ (ಛರ್ರಿ ಹಾರಸೂ ಶಾಟ್‌ಗನ್), .315, .30-06, .22. 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ ಐದು ವರ್ಷ.

ಬೆಳಿ ಕಾಯೂವ್ರು 12 ಬೋರ್ ತಗೊಳ್ರಿ, .315 ಬ್ಯಾಡ. ರೈಫಲ್ ಗುಂಡು ಮೂರು ಕಿಲೋಮೀಟರ್ ದಾಟಿ ಹೋಗ್ತೈತಿ, ನಮ್ಮ ಇಂಡಿ, ಸಿಂದಗಿ ಕಡೆ ಹೊಲ ಅಂದ್ರ ಅಂಗೈಯಷ್ಟು ಸಪಾಟ, ಹಿಂದ ಗುಡ್ಡಾ ಇಲ್ಲ ಒಡ್ಡೂ ಇಲ್ಲ, ತಪ್ಪಿದ ಗುಂಡು ಎಲ್ಲಿ ಬೀಳ್ತೈತಿ ಅಂತ ಹೇಳಾಕ ಬರೂದಿಲ್ಲ. ಛರ್ರಿ ಕೆಲವ ನೂರು ಮೀಟರಿಗೆ ಕೆಳಗ ಬೀಳ್ತೈತಿ. ಹಂದಿ ಬರೂದು ರಾತ್ರಿ, ಕಬ್ಬಿನ ಅಂಚಿಗೆ, 30-40 ಹೆಜ್ಜಿ ದೂರದಾಗ, ಅಲ್ಲಿ ರೈಫಲ್‌ಗೆ ಕೆಲಸಾನೇ ಇಲ್ಲ. ಕಬ್ಬು ಕಡಿಯೂ ಗ್ಯಾಂಗಿನವ್ರು ಹೊಲದಾಗ ಜೋಪಡಿ ಹಾಕಿರ್ತಾರ, ತೋಟದ ಮನಿಯವ್ರು ಅಂಗಳದಾಗ ಮಲಗಿರ್ತಾರ, ರಾತ್ರಿ ಯಾರು ಎಲ್ಲಿ ಅದಾರ ಅಂತ ಹಗಲಿನ್ಯಾಗ ತಿರುಗಾಡಿ ನೋಡ್ಕೊಂಡಿರ್ರಿ, ಬಾಜೂ ಹೊಲದವ್ರಿಗೂ ಹೇಳಿ ಇಡ್ರಿ. ಗಾಳಿಯಾಗ ಹೊಡೆದು ಓಡಸೂದಿದ್ರೂ ಬಾಯಿ ಊರ ಕಡೆ, ರಸ್ತಾ ಕಡೆ ಇರಬಾರ್ದು.